ಸತ್ಯ ಹೇಳಿದರೆ ಕುಡಿತ ಬಿಡುತ್ತದೆಯೇ? ಓನೀಲ್ ಅವರ ನಾಟಕ ಟಿವಿ ಪರದೆಗೆ ಬಂದ ಬಗೆ

1960ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಪ್ರದೇಶದ 13ನೇ ಚಾನೆಲ್ ಒಂದು ನಾಟಕವನ್ನು ಎರಡು ಕಂತುಗಳಲ್ಲಿ ಪ್ರಸಾರ ಮಾಡಿತು. ಎರಡೂ ಸೇರಿ ಸುಮಾರು ಮೂರೂವರೆ ಗಂಟೆ. ನಾಟಕ ಯೂಜೀನ್ ಓನೀಲ್ ಅವರ ‘ದಿ ಐಸ್‌ಮ್ಯಾನ್ ಕಮೆತ್’, ನಿರ್ದೇಶನ ಸಿಡ್ನಿ ಲುಮೆಟ್ ಅವರದು, ಮುಖ್ಯ ಪಾತ್ರದಲ್ಲಿ ಜೇಸನ್ ರೋಬಾರ್ಡ್ಸ್. 1912ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಒಂದು ಅಗ್ಗದ ಬಾರ್‌ನೊಳಗೆ ನಡೆಯುವ ಈ ನಾಟಕದಲ್ಲಿ ಹೊರಗಿನ ಜಗತ್ತು ಕೈಬಿಟ್ಟ ಒಂದಿಷ್ಟು ಕುಡುಕರಿದ್ದಾರೆ, ಅವರನ್ನು ಉದ್ಧಾರ ಮಾಡಲು ಬರುವ ಒಬ್ಬ ಸೇಲ್ಸ್‌ಮನ್ ಇದ್ದಾನೆ, ಆ ಉದ್ಧಾರದ ಕೆಲಸ ಹೇಗೆ ಎಲ್ಲರನ್ನೂ ಹಾಳುಮಾಡುತ್ತದೆ ಎಂಬುದೇ ಕಥೆ. ಚಟವೆಂದರೆ ದೇಹದ ಕಾಯಿಲೆಯೋ, ಮನಸ್ಸಿನ ದೌರ್ಬಲ್ಯವೋ ಎಂಬ ಚರ್ಚೆಗಿಂತ ಈ ನಾಟಕ ಎತ್ತುವ ಪ್ರಶ್ನೆ ಹೆಚ್ಚು ಇಕ್ಕಟ್ಟಿನದು: ಕುಡುಕನೊಬ್ಬ ತನಗೆ ತಾನೇ ಹೇಳಿಕೊಳ್ಳುವ ಸುಳ್ಳನ್ನು ಅವನಿಂದ ಕಸಿದುಕೊಂಡರೆ ಅವನ ಕುಡಿತಕ್ಕೆ ಏನಾಗುತ್ತದೆ?

ಈ ಪ್ರಶ್ನೆ ಎಷ್ಟು ಹೊಸದಾಗಿತ್ತು ಎಂಬುದು ತಿಳಿಯಬೇಕಾದರೆ ಅದರ ಹಿಂದಿನ ಪರಂಪರೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ರಂಗಭೂಮಿಯಲ್ಲಿ ಕುಡಿತದ ನಾಟಕಗಳಿಗೆ ಬಹಳ ಹಳೆಯ ಅಚ್ಚೊಂದಿತ್ತು. 1844ರಲ್ಲಿ ಬಾಸ್ಟನ್‌ನಲ್ಲಿ ಮೊದಲು ಪ್ರದರ್ಶನಗೊಂಡ ‘ದಿ ಡ್ರಂಕರ್ಡ್’ ಎಂಬ ನಾಟಕ ಪಾನನಿರೋಧ ಚಳವಳಿಯ ಜೊತೆಜೊತೆಗೇ ದೇಶವಿಡೀ ತಿರುಗಿತು. ಒಳ್ಳೆಯ ಯುವಕನೊಬ್ಬ ಕುಡಿತಕ್ಕೆ ಬೀಳುತ್ತಾನೆ, ಹೆಂಡತಿ ಮಕ್ಕಳು ಬೀದಿಗೆ ಬರುತ್ತಾರೆ, ಅವನು ರಂಗದ ಮೇಲೆಯೇ ನಡುಗುತ್ತ, ಇಲ್ಲದ ಹಾವುಗಳನ್ನು ಕಂಡು ಅರಚುತ್ತಾನೆ, ಕೊನೆಗೆ ಸಜ್ಜನನೊಬ್ಬ ಬಂದು ಅವನ ಕಣ್ಣು ತೆರೆಸುತ್ತಾನೆ, ಸಂಸಾರ ಮತ್ತೆ ಒಂದಾಗುತ್ತದೆ. ಅಲ್ಲಿ ಸಜ್ಜನನ ಮಾತೇ ಔಷಧ. ಓನೀಲ್ ಅವರು ಈ ಬಗೆಯ ರಂಗಭೂಮಿಯ ನಡುವೆಯೇ ಬೆಳೆದವರು. ಅವರ ತಂದೆ ಜೇಮ್ಸ್ ಓನೀಲ್ ಮಾಂಟೆಕ್ರಿಸ್ಟೋ ಪಾತ್ರವೊಂದನ್ನೇ ಸಾವಿರಾರು ಸಲ ಅಭಿನಯಿಸಿ ಹೆಸರು ಮಾಡಿದ್ದ ನಟರು. ಆ ಅಚ್ಚಿನ ಒಳಹೊರಗು ಮಗನಿಗೆ ಚೆನ್ನಾಗಿ ಗೊತ್ತಿತ್ತು. 1939ರಲ್ಲಿ ‘ಐಸ್‌ಮ್ಯಾನ್’ ಬರೆಯುವಾಗ ಅವರು ಆ ಅಚ್ಚನ್ನು ಬಿಸಾಡಲಿಲ್ಲ. ಅದೇ ಸಜ್ಜನನನ್ನು ಬಾರ್‌ಗೆ ಕರೆತಂದರು, ಅವನ ಬಾಯಲ್ಲಿ ಅದೇ ಉಪದೇಶ ಇಟ್ಟರು, ಆಮೇಲೆ ಪರಿಣಾಮವನ್ನು ಮಾತ್ರ ತಲೆಕೆಳಗು ಮಾಡಿದರು.

ಕಥೆಯ ಚೌಕಟ್ಟು ಹೀಗಿದೆ. ಹ್ಯಾರಿ ಹೋಪ್ ಎಂಬವನ ಬಾರ್. ಮೇಲಿನ ಮಹಡಿಗಳಲ್ಲಿ ಬಾಡಿಗೆ ಕೋಣೆಗಳು. ಬಾಡಿಗೆ ಕೊಡದವರೂ ಅಲ್ಲೇ ಇದ್ದಾರೆ. ಒಬ್ಬ ಹಿಂದೆ ಯುದ್ಧ ವರದಿಗಾರನಾಗಿದ್ದವನು. ನಾಳೆ ಬಟ್ಟೆ ಒಗೆಸಿಕೊಂಡು ಪತ್ರಿಕೆಗೆ ಹೋಗಿ ಹಳೆಯ ಕೆಲಸ ಕೇಳುತ್ತೇನೆ ಎನ್ನುತ್ತಾನೆ. ಜೊತೆಯವರು ಅವನಿಗೆ ‘ಜಿಮ್ಮಿ ಟುಮಾರೊ’ ಎಂದೇ ಹೆಸರಿಟ್ಟಿದ್ದಾರೆ. ಲಂಚದ ಪ್ರಕರಣದಲ್ಲಿ ಕೆಲಸ ಕಳೆದುಕೊಂಡ ಪೊಲೀಸ್ ಅಧಿಕಾರಿ ನಾಳೆ ಮರುನೇಮಕಕ್ಕೆ ಅರ್ಜಿ ಹಾಕುತ್ತಾನಂತೆ. ಹಾರ್ವರ್ಡ್‌ನಲ್ಲಿ ಕಾನೂನು ಓದಿದ ವಿಲ್ಲಿ ನಾಳೆ ಜಿಲ್ಲಾ ವಕೀಲರ ಕಚೇರಿಗೆ ಹೋಗುತ್ತಾನಂತೆ. ಬೋಯರ್ ಯುದ್ಧದಲ್ಲಿ ಎದುರುಬದುರು ಪಕ್ಷಗಳಲ್ಲಿ ಕಾದಾಡಿದ ಇಬ್ಬರು ಈಗ ಒಂದೇ ಮೇಜಿನಲ್ಲಿ ಕೂತು ತಂತಮ್ಮ ದೇಶಕ್ಕೆ ಮರಳುವ ದಿನದ ಮಾತಾಡುತ್ತಾರೆ. ಲ್ಯಾರಿ ಸ್ಲೇಡ್ ಎಂಬ ಹಳೆಯ ಅರಾಜಕತಾವಾದಿ ಮಾತ್ರ ತನಗೆ ಯಾವ ಕನಸೂ ಇಲ್ಲ, ಪಡಸಾಲೆಯ ಪ್ರೇಕ್ಷಕನಂತೆ ಸಾವಿಗಾಗಿ ಕಾಯುತ್ತಿದ್ದೇನೆ ಎನ್ನುತ್ತಾನೆ. ಅದೂ ಒಂದು ಹುಸಿಗನಸೇ ಎಂಬುದು ನಾಟಕದ ಕೊನೆಯ ಹೊತ್ತಿಗೆ ತಿಳಿಯುತ್ತದೆ.

ಇವರೆಲ್ಲ ಹಿಕ್ಕಿಗಾಗಿ ಕಾಯುತ್ತಿದ್ದಾರೆ. ಊರೂರು ತಿರುಗುವ ಈ ಸೇಲ್ಸ್‌ಮನ್ ಹ್ಯಾರಿಯ ಹುಟ್ಟುಹಬ್ಬಕ್ಕೆ ತಪ್ಪದೆ ಬಂದು ಎಲ್ಲರಿಗೂ ಕುಡಿಸಿ, ತಾನೂ ಕುಡಿದು, ತನ್ನ ಹೆಂಡತಿ ಮನೆಯಲ್ಲಿ ಮಂಜುಗಡ್ಡೆ ಮಾರುವವನ ಜೊತೆ ಇದ್ದಾಳೆಂದು ಹಳೆಯ ಜೋಕೊಂದನ್ನು ಹೇಳಿ ನಗಿಸಿ ಹೋಗುವವನು. ಈ ಸಲ ಅವನು ಬರುತ್ತಾನೆ, ಆದರೆ ಕುಡಿಯುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವನು ಇತರರಿಗೆ ಕುಡಿಯಬೇಡಿ ಎನ್ನುವುದೇ ಇಲ್ಲ; ತಾನೇ ದುಡ್ಡು ಕೊಟ್ಟು ಎಲ್ಲರಿಗೂ ತರಿಸುತ್ತಾನೆ. ಅವನ ಹಟ ಬೇರೆ. ನಿಮ್ಮ ‘ನಾಳೆ’ ಎಂಬ ಸುಳ್ಳನ್ನು ಬಿಡಿ, ಇವತ್ತೇ ಹೊರಗೆ ಹೋಗಿ ಆ ಕೆಲಸ ಮಾಡಲು ನೋಡಿ, ಸೋಲುತ್ತೀರಿ, ಸೋತ ಮೇಲೆ ನಿಮಗೆ ನೆಮ್ಮದಿ ಸಿಗುತ್ತದೆ ಎಂಬುದು ಅವನ ವಾದ. ಉಪದೇಶಕನ ಮಗನಾದ ಅವನು ಸರಕು ಮಾರುವ ಚಾತುರ್ಯವನ್ನೆಲ್ಲ ಬಳಸಿ ಈ ನೆಮ್ಮದಿಯನ್ನು ಒಬ್ಬೊಬ್ಬರಿಗೂ ಮಾರುತ್ತಾನೆ.

ಹ್ಯಾರಿ ಹೋಪ್‌ನ ದೃಶ್ಯದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂಬುದು ಕಣ್ಣಿಗೆ ಕಟ್ಟುತ್ತದೆ. ಹೆಂಡತಿ ತೀರಿಕೊಂಡಂದಿನಿಂದ, ಅಂದರೆ 20 ವರ್ಷಗಳಿಂದ, ಹ್ಯಾರಿ ಬಾರಿನ ಹೊಸ್ತಿಲು ದಾಟಿಲ್ಲ. ಒಂದು ದಿನ ಬಡಾವಣೆಯನ್ನೆಲ್ಲ ಸುತ್ತಿ ಹಳೆಯ ಪರಿಚಯಸ್ಥರನ್ನು ಮಾತಾಡಿಸಿ ಬರುತ್ತೇನೆ ಎಂಬುದು ಅವನ ನಾಳೆ. ಹಿಕ್ಕಿ ಅವನನ್ನು ಅಕ್ಷರಶಃ ಬಾಗಿಲವರೆಗೆ ತಳ್ಳುತ್ತಾನೆ. ಹ್ಯಾರಿ ಹೊರಗೆ ಕಾಲಿಡುತ್ತಾನೆ. ಒಳಗಿದ್ದವರು ಕಿಟಕಿಯಲ್ಲಿ ಇಣುಕಿ, ಅವನು ಬೀದಿಯ ನಡುವೆ ನಿಂತುಬಿಟ್ಟದ್ದನ್ನು ಹೇಳುತ್ತಾರೆ. ಮರುಕ್ಷಣದಲ್ಲಿ ಅವನು ಏದುಸಿರು ಬಿಡುತ್ತ ಓಡಿ ಬಂದು, ಮೋಟಾರು ಕಾರೊಂದು ಇನ್ನೇನು ತನ್ನ ಮೇಲೆ ಹಾಯುತ್ತಿತ್ತು ಎನ್ನುತ್ತಾನೆ. ಕಿಟಕಿಯಲ್ಲಿ ನೋಡುತ್ತಿದ್ದ ಬಾರ್‌ನವನು ಯಾವ ಕಾರೂ ಬರಲಿಲ್ಲ ಎಂದುಬಿಡುತ್ತಾನೆ. ಆ ಮೇಲೆ ಹ್ಯಾರಿ ಕುಡಿಯಲು ಕೂರುತ್ತಾನೆ. ಗುಟುಕು ಗುಟುಕಾಗಿ ಒಳಗಿಳಿಸಿದರೂ ಅಮಲೇರುವುದಿಲ್ಲ. ಮದ್ಯಕ್ಕೆ ನೀನೇನು ಮಾಡಿದೆ, ಅದರಲ್ಲಿ ಜೀವವೇ ಇಲ್ಲ ಎಂದು ಅವನು ಹಿಕ್ಕಿಯ ಮೇಲೆ ಹರಿಹಾಯುತ್ತಾನೆ. ನನ್ನ ದೃಷ್ಟಿಯಲ್ಲಿ ಇಡೀ ನಾಟಕದ ಕೀಲಿ ಇರುವುದು ಈ ದೂರಿನಲ್ಲಿ. ಮದ್ಯ ಅದೇ, ಬಾಟಲಿ ಅದೇ, ಕುಡಿಯುವವನೂ ಅವನೇ. ಬದಲಾದದ್ದು ಕುಡಿತ ಕಾಯುತ್ತಿದ್ದ ಸುಳ್ಳು ಮಾತ್ರ.

ಓನೀಲ್ ಅವರ ಈ ಊಹೆಗೆ ನಂತರದ ಸಂಶೋಧನೆಯಲ್ಲಿ ಒಂದು ಹತ್ತಿರದ ಸಾಕ್ಷ್ಯ ಸಿಗುತ್ತದೆ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಆ್ಯಲನ್ ಮಾರ್ಲಟ್ ಮತ್ತು ಅವರ ಸಂಗಡಿಗರು ಒಂದು ಜಾಣ ಪ್ರಯೋಗ ಮಾಡಿದರು. ಕೆಲವರಿಗೆ ಮದ್ಯವೆಂದು ಹೇಳಿ ಬರೀ ಟಾನಿಕ್ ನೀರು ಕೊಟ್ಟರು, ಇನ್ನು ಕೆಲವರಿಗೆ ಟಾನಿಕ್ ಎಂದು ಹೇಳಿ ಮದ್ಯ ಬೆರೆಸಿ ಕೊಟ್ಟರು. ಕುಡಿತಕ್ಕೆ ದಾಸರಾದವರು ಎಷ್ಟು ಕುಡಿದರು ಎಂಬುದು ಗ್ಲಾಸಿನಲ್ಲಿ ನಿಜವಾಗಿ ಏನಿತ್ತು ಎಂಬುದಕ್ಕಿಂತ, ತಾವು ಏನು ಕುಡಿಯುತ್ತಿದ್ದೇವೆಂದು ಅವರು ನಂಬಿದ್ದರೋ ಅದರ ಮೇಲೆಯೇ ಹೆಚ್ಚು ನಿಂತಿತ್ತು. ಇದರಿಂದ ಕುಡಿತವೆಲ್ಲ ಮನಸ್ಸಿನದೇ ಆಟ ಎಂದು ಹಾರಿಬಿಡಬಾರದು. ಮಿದುಳಿನಲ್ಲಿ ಮದ್ಯ ಮಾಡುವ ಕೆಲಸ ನಿಜವಾದದ್ದೇ. ನರಗಳ ಸಂಚಾರವನ್ನು ತಗ್ಗಿಸುವ ‘ಗಾಬಾ’ ಎಂಬ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ, ನರಗಳನ್ನು ಉದ್ರೇಕಿಸುವ ಗ್ಲುಟಮೇಟ್‌ನ ಪ್ರಭಾವವನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸಮತೋಲ ಕಾಯ್ದುಕೊಳ್ಳಲು ಉದ್ರೇಕದ ಕಡೆಗೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆಗ ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಲಗಾಮಿಲ್ಲದ ಉದ್ರೇಕವೊಂದೇ ಉಳಿಯುತ್ತದೆ: ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಲ್ಲಿ ಭ್ರಾಂತಿ ಮತ್ತು ಜ್ವರ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಕ್ಕೂ ಅಪಾಯ. ಹಾಗಾಗಿಯೇ ವರ್ಷಗಳಿಂದ ದಿನವೂ ಕುಡಿಯುವವರು ವೈದ್ಯರ ನೆರವಿಲ್ಲದೆ ಒಮ್ಮೆಲೇ ಬಿಡಬಾರದು ಎನ್ನುತ್ತಾರೆ. ನಾಟಕದ ವಿಲ್ಲಿ ಈ ನಡುಕದ ಜೀವಂತ ಚಿತ್ರ. ಮೂರನೆಯ ಅಂಕದಲ್ಲಿ ಅವನು ಗಡ್ಡ ಬೋಳಿಸಿ, ಅಗ್ಗದ ಸೂಟು ಹಾಕಿಕೊಂಡು, ಕುಡಿಯದೆ, ನೆಟ್ಟಗೆ ನಿಲ್ಲಲೂ ಆಗದೆ ಕೆಲಸ ಹುಡುಕಿ ಹೊರಡುತ್ತಾನೆ.

ದೇಹ ಮತ್ತು ಸುಳ್ಳು ಒಂದನ್ನೊಂದು ಹೇಗೆ ಎತ್ತಿ ನಿಲ್ಲಿಸಿವೆ ಎಂಬುದನ್ನು ಜಿಮ್ಮಿ ಟುಮಾರೊನ ತಪ್ಪೊಪ್ಪಿಗೆ ಇನ್ನೂ ಸ್ಪಷ್ಟಪಡಿಸುತ್ತದೆ. ಹೆಂಡತಿ ಬೇರೊಬ್ಬನ ಜೊತೆ ಸಂಬಂಧ ಬೆಳೆಸಿದ ನೋವಿನಿಂದಲೇ ಕುಡಿಯತೊಡಗಿದೆ ಎಂದು ಅವನು ವರ್ಷಗಳಿಂದ ಹೇಳಿಕೊಂಡು ಬಂದವನು. ಹಿಕ್ಕಿಯ ಒತ್ತಾಯಕ್ಕೆ ಹೊರಗೆ ಹೋಗಿ ಸೋತು ಬಂದ ಮೇಲೆ, ಅದಕ್ಕೂ ಬಹಳ ಮೊದಲೇ ತಾನು ಕುಡುಕನಾಗಿದ್ದೆ, ಆ ಸಂಬಂಧ ತನಗೊಂದು ಒಳ್ಳೆಯ ನೆಪವಾಯಿತು ಎಂದು ಒಪ್ಪಿಕೊಳ್ಳುತ್ತಾನೆ. ಕಾರಣವೂ ಕಾರ್ಯವೂ ಜಾಗ ಬದಲಿಸುತ್ತವೆ. ನಮ್ಮಲ್ಲೂ ಕುಡುಕರ ಮನೆಗಳಲ್ಲಿ ಕೇಳಿಬರುವ ‘ಅವತ್ತು ಹಾಗಾಯ್ತು, ಅದಕ್ಕೇ ಶುರು ಮಾಡ್ದೆ’ ಎಂಬ ಮಾತಿಗೂ ‘ಇವತ್ತೊಂದು ದಿನ, ನಾಳೆಯಿಂದ ಬಿಡ್ತೀನಿ’ ಎಂಬ ಮಾತಿಗೂ ಇರುವ ನಂಟು ಇದೇ. ಮೊದಲನೆಯದು ಹಿಂದಿನ ದಿನಕ್ಕೆ ನೆಪ ಒದಗಿಸುತ್ತದೆ, ಎರಡನೆಯದು ಮುಂದಿನ ದಿನಕ್ಕೆ. ನಡುವೆ ಉಳಿಯುವ ಇವತ್ತು ಪೂರ್ತಿಯಾಗಿ ಕುಡಿತಕ್ಕೇ ಮೀಸಲಾಗುತ್ತದೆ.

ಇಷ್ಟನ್ನೆಲ್ಲ ಹೇಳಲು ನಾಲ್ಕು ಗಂಟೆಗೂ ಮಿಕ್ಕಿದ ನಾಟಕ ಬೇಕಿತ್ತೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಒಂದೇ ಮಾತು ಹಲವು ಸಲ ಬರುತ್ತದೆ. ಹುಸಿಗನಸಿನ ಮಾತು 18 ಸಲ ಬಂದಿದೆ ಎಂದು ನಿರ್ಮಾಣಸಂಸ್ಥೆಯ ಲಾರೆನ್ಸ್ ಲ್ಯಾಂಗ್ನರ್ ದೂರಿದಾಗ, 18 ಸಲ ಬರಲಿ ಎಂದೇ ಬರೆದದ್ದು ಎಂದು ಓನೀಲ್ ಅವರು ತಣ್ಣಗೆ ಉತ್ತರಿಸಿದರಂತೆ. ನನಗೆ ಓನೀಲ್ ಅವರ ಪಕ್ಷವೇ ಸರಿ ಎನಿಸುತ್ತದೆ. ಚಟದ ರಚನೆಯೇ ಪುನರಾವರ್ತನೆ. ಅದೇ ಮೇಜು, ಅದೇ ಕಥೆ, ಅದೇ ನಾಳೆ. ಇದನ್ನು ಚುರುಕಾಗಿ ಕತ್ತರಿಸಿ ತೋರಿಸಿದರೆ ಸುದ್ದಿ ತಲುಪೀತು, ಅನುಭವ ತಲುಪದು. ಆದರೆ ಈ ದಣಿವನ್ನು ಪ್ರೇಕ್ಷಕರು ತಾಳಿಕೊಳ್ಳಬೇಕಾದರೆ ಅವರು ಪಾತ್ರಗಳಿಗೆ ಎಷ್ಟು ಹತ್ತಿರ ಕೂತಿರಬೇಕು ಎಂಬುದು ಬೇರೆಯದೇ ಪ್ರಶ್ನೆ. ರಂಗದಿಂದ ಟಿವಿಗೆ ಈ ನಾಟಕ ಸಾಗಿದ ದಾರಿಯನ್ನು ನಾನು ಈ ಹತ್ತಿರದ ಲೆಕ್ಕದಲ್ಲೇ ನೋಡುತ್ತೇನೆ.

1946ರ ಅಕ್ಟೋಬರ್ 9ರಂದು ಬ್ರಾಡ್‌ವೇಯ ಮಾರ್ಟಿನ್ ಬೆಕ್ ಥಿಯೇಟರಿನಲ್ಲಿ ನಾಟಕ ಮೊದಲ ಸಲ ಪ್ರದರ್ಶನ ಕಂಡಿತು. ದೊಡ್ಡ ರಂಗಮಂದಿರ, ದೂರದ ವೇದಿಕೆ, ನಡುವೆ ಊಟದ ಬಿಡುವು. 136 ಪ್ರದರ್ಶನಗಳಿಗೆ ಅದು ನಿಂತಿತು. ಓನೀಲ್ ಅವರ ಕಾಲ ಮುಗಿಯಿತು ಎಂದುಕೊಂಡವರೂ ಇದ್ದರು. 1953ರಲ್ಲಿ ಓನೀಲ್ ತೀರಿಕೊಂಡರು. 1956ರಲ್ಲಿ ಹೊಸೆ ಕಿಂಟೆರೊ ಎಂಬ ಯುವ ನಿರ್ದೇಶಕರು ಗ್ರೀನ್‌ವಿಚ್ ವಿಲೇಜ್‌ನ ‘ಸರ್ಕಲ್ ಇನ್ ದಿ ಸ್ಕ್ವೇರ್’ನಲ್ಲಿ ಅದನ್ನು ಮತ್ತೆ ಎತ್ತಿಕೊಂಡರು. ಆ ಜಾಗ ಹಿಂದೆ ನೈಟ್‌ಕ್ಲಬ್ ಆಗಿತ್ತು. ನಟರ ಸುತ್ತ ಪ್ರೇಕ್ಷಕರು ಕೂರುವಂಥ ವ್ಯವಸ್ಥೆ. ಮುಂದಿನ ಸಾಲಿನವರು ಬಾರಿನ ಪಕ್ಕದ ಮೇಜಿನಲ್ಲೇ ಕೂತಂತೆ. ಹೆಸರು ಮಾಡಿರದ ಜೇಸನ್ ರೋಬಾರ್ಡ್ಸ್ ಹಿಕ್ಕಿಯಾದರು. ಆ ಪ್ರಯೋಗ 565 ಪ್ರದರ್ಶನ ಕಂಡು ಓನೀಲ್ ಅವರ ಕೀರ್ತಿಯನ್ನೇ ಮರಳಿ ತಂದಿತು. ಅಮೆರಿಕದ ವೈದ್ಯಕೀಯ ಸಂಘ ಮದ್ಯವ್ಯಸನವನ್ನು ಕಾಯಿಲೆಯೆಂದು ಅಧಿಕೃತವಾಗಿ ಗುರುತಿಸಿದ್ದೂ ಅದೇ 1956ರಲ್ಲಿ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೂ ಕುಡುಕನನ್ನು ಪಾಪಿಯೆಂದಲ್ಲದೆ ಬೇರೆ ಬಗೆಯಲ್ಲಿ ನೋಡಲು ಆ ಸಮಾಜ ಸಿದ್ಧವಾಗುತ್ತಿದ್ದ ಕಾಲ ಅದು. 1946ರಲ್ಲಿ ಬೇಸರ ಹುಟ್ಟಿಸಿದ ಉದ್ದವೇ 1956ರಲ್ಲಿ ಹಿಡಿದು ಕೂರಿಸಿತು ಎಂದರೆ, ಬದಲಾದದ್ದು ದೂರ.

ಟಿವಿ ಆ ದೂರವನ್ನು ಇನ್ನೂ ಕಡಿಮೆ ಮಾಡಿತು. ಆದರೆ ಆ ಕಾಲದ ಅಮೆರಿಕದ ಟಿವಿಯಲ್ಲಿ ಇಂಥ ನಾಟಕಕ್ಕೆ ಜಾಗ ಸಿಕ್ಕಿದ್ದೇ ಒಂದು ಆಶ್ಚರ್ಯ. ದೊಡ್ಡ ಜಾಲಗಳಲ್ಲಿ ಕಾರ್ಯಕ್ರಮದ ಮೇಲೆ ಜಾಹೀರಾತುದಾರರ ಹಿಡಿತ ಎಷ್ಟಿತ್ತೆಂದರೆ, 1959ರಲ್ಲಿ ನಾಜಿ ವಿಚಾರಣೆ ಕುರಿತ ನಾಟಕವೊಂದರಲ್ಲಿ ‘ಗ್ಯಾಸ್’ ಎಂಬ ಪದವನ್ನೇ ಅಳಿಸಲಾಯಿತು, ಏಕೆಂದರೆ ಪ್ರಾಯೋಜಕರು ಗ್ಯಾಸ್ ಉದ್ಯಮದವರು! 13ನೇ ಚಾನೆಲ್ ಆಗ ಡಬ್ಲ್ಯೂಎನ್‌ಟಿಎ ಎಂಬ ಸ್ವತಂತ್ರ ಕೇಂದ್ರವಾಗಿತ್ತು. ಅದರ ‘ಪ್ಲೇ ಆಫ್ ದಿ ವೀಕ್’ ಸರಣಿ 1959ರಲ್ಲಿ ಆರಂಭವಾಗಿ, ಪ್ರತಿ ವಾರ ಒಂದು ರಂಗನಾಟಕವನ್ನು ವಿಡಿಯೊ ಟೇಪಿನಲ್ಲಿ ಚಿತ್ರೀಕರಿಸಿ, ಅದೇ ನಾಟಕವನ್ನು ವಾರದ ಹಲವು ರಾತ್ರಿಗಳಲ್ಲಿ ತೋರಿಸುತ್ತಿತ್ತು. ಹಣವಿಲ್ಲದೆ ನಿಲ್ಲುವ ಹಂತಕ್ಕೆ ಬಂದಾಗ ವೀಕ್ಷಕರು ರಾಶಿರಾಶಿ ಪತ್ರ ಬರೆದು ಒತ್ತಾಯಿಸಿದರು, ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಪ್ರಾಯೋಜಕರಾಗಿ ಮುಂದೆ ಬಂದಿತು. ಅಷ್ಟಾಗಿಯೂ 1961ರಲ್ಲಿ ಸರಣಿ ನಿಂತಿತು. ಆ ಚಾನೆಲ್ ಆಮೇಲೆ ನ್ಯೂಯಾರ್ಕಿನ ಸಾರ್ವಜನಿಕ ಟಿವಿಯಾಗಿ ಬದಲಾಯಿತು. ಈ ಕಿರಿದಾದ ಬಿರುಕಿನಲ್ಲೇ ‘ಐಸ್‌ಮ್ಯಾನ್’ ನುಸುಳಿದ್ದು.

ಲುಮೆಟ್ ಅವರು ಆ ಕೆಲಸಕ್ಕೆ ಹೇಳಿಮಾಡಿಸಿದ ನಿರ್ದೇಶಕರಾಗಿದ್ದರು. ಯಿಡ್ಡಿಷ್ ರಂಗಭೂಮಿಯ ನಟರ ಮಗ, ಬಾಲನಟರಾಗಿ ರಂಗದ ಮೇಲೆ ಬೆಳೆದವರು, 1950ರ ದಶಕದಲ್ಲಿ ನೇರಪ್ರಸಾರದ ಟಿವಿಯಲ್ಲಿ ಪಳಗಿದವರು. 1957ರ ‘12 ಆಂಗ್ರಿ ಮೆನ್’ ಚಿತ್ರದಲ್ಲಿ ಒಂದೇ ಕೋಣೆಯೊಳಗೆ ಕಥೆ ನಡೆಸುತ್ತ, ಮುಂದೆ ಮುಂದೆ ಹೋದಂತೆ ಉದ್ದ ಫೋಕಲ್ ಲೆನ್ಸುಗಳನ್ನು ಬಳಸಿ ಗೋಡೆಗಳೇ ಒಳಗೆ ಸರಿದು ಬರುವಂತೆ ಮಾಡಿದವರು ಅವರೇ. ನಾಟಕವನ್ನು ಸಿನಿಮಾ ಮಾಡುವಾಗ ಕಥೆಯನ್ನು ಬೀದಿಗೆ ಕರೆದೊಯ್ದು ‘ಬಿಚ್ಚುವುದು’ ಸಾಮಾನ್ಯ ಅಭ್ಯಾಸ. ಹ್ಯಾರಿಯ ನಡಿಗೆಯನ್ನೇ ತೆಗೆದುಕೊಂಡರೆ, ಬೀದಿ ತೋರಿಸುವ ಆಸೆ ಯಾವ ನಿರ್ದೇಶಕರಿಗಾದರೂ ಹುಟ್ಟಬಹುದು. ಹಾಗೆ ತೋರಿಸಿದರೆ ದೃಶ್ಯ ಸತ್ತಂತೆ, ಏಕೆಂದರೆ ಕಾರು ಬಂದಿತೋ ಇಲ್ಲವೋ ಎಂಬುದನ್ನು ಪ್ರೇಕ್ಷಕ ತಾನೇ ಕಂಡುಬಿಡುತ್ತಾನೆ, ಹ್ಯಾರಿಯ ಸುಳ್ಳು ಬರೀ ಸುಳ್ಳಾಗಿ ಉಳಿಯುತ್ತದೆ. ಒಳಗೇ ಇದ್ದು, ಓಡಿ ಬಂದವನ ಮುಖವನ್ನಷ್ಟೇ ನೋಡಬೇಕಾದಾಗ, ಆ ಕಾರಿನ ಅಗತ್ಯ ಅವನಿಗೆಷ್ಟಿತ್ತು ಎಂಬುದು ಕಾಣುತ್ತದೆ. ಸ್ಟುಡಿಯೊದ ಬಡತನ ಇಲ್ಲಿ ನಾಟಕಕ್ಕೆ ಉಪಕಾರವನ್ನೇ ಮಾಡಿದೆ.

ಹತ್ತಿರದ ಲೆಕ್ಕ ಪೂರ್ತಿ ಫಲ ಕೊಡುವುದು ಕೊನೆಯ ಅಂಕದ ಹಿಕ್ಕಿಯ ಮಾತಿನಲ್ಲಿ. ಪುಟಗಟ್ಟಲೆ ಸಾಗುವ ಈ ತಪ್ಪೊಪ್ಪಿಗೆಯಲ್ಲಿ ಅವನು ಹೆಂಡತಿ ಎವೆಲಿನ್‌ಳ ಕಥೆ ಹೇಳುತ್ತಾನೆ. ಅವನು ಕುಡಿದು ಬರುತ್ತಿದ್ದ, ಹೆಣ್ಣುಗಳ ಸಹವಾಸ ಮಾಡುತ್ತಿದ್ದ, ವಾರಗಟ್ಟಲೆ ಕಾಣೆಯಾಗಿ ಕೊಳಕಾಗಿ ಮರಳುತ್ತಿದ್ದ. ಅವಳು ಪ್ರತಿ ಸಲ ಕ್ಷಮಿಸುತ್ತಿದ್ದಳು, ಇನ್ನು ಮುಂದೆ ನೀನು ಹೀಗೆ ಮಾಡುವುದಿಲ್ಲ ಎಂದು ನಂಬುತ್ತಿದ್ದಳು. ಅವಳ ಕ್ಷಮೆಯಿಂದ ಅವನ ಅಪರಾಧಭಾವ ಬೆಳೆಯುತ್ತ ಹೋಯಿತು, ಆ ಭಾವವನ್ನು ತಾಳಲಾರದೆ ಮತ್ತೆ ಕುಡಿದ, ಮತ್ತೆ ಕ್ಷಮೆ ಸಿಕ್ಕಿತು. ಒಬ್ಬ ಮನುಷ್ಯ ತಾಳಿಕೊಳ್ಳಬಹುದಾದ ಕರುಣೆಗೂ ಮಿತಿಯಿದೆ ಎನ್ನುತ್ತಾನೆ. ಕೊನೆಗೆ, ಅವಳನ್ನು ಈ ಹುಸಿಗನಸಿನಿಂದ ಬಿಡುಗಡೆ ಮಾಡಲು, ಅವಳು ಮಲಗಿದ್ದಾಗ ಗುಂಡು ಹಾರಿಸಿ ಕೊಂದೆ, ಅದು ಪ್ರೀತಿಯಿಂದ ಮಾಡಿದ್ದು ಎನ್ನುತ್ತಾನೆ. ಈ ಮಾತಿನವರೆಗೆ ಅವನು ಇನ್ನೂ ಸರಕು ಮಾರುತ್ತಿರುವ ಸೇಲ್ಸ್‌ಮನ್ನೇ. ಆಮೇಲೆ, ಕೊಂದ ಮೇಲೆ ನಕ್ಕು ತಾನು ಅವಳಿಗೆ ಹೇಳಿದ್ದನ್ನು ನೆನಪಿಸಿಕೊಳ್ಳುವಾಗ, ಬಾಯಿಂದ ಒಂದು ಹೊಲಸು ಬೈಗುಳ ಜಾರಿಬಿಡುತ್ತದೆ. ಪ್ರೀತಿಯೆಂದು ಅವನು ಕರೆದುಕೊಂಡು ಬಂದದ್ದು ದ್ವೇಷವಾಗಿತ್ತು ಎಂದು ಆ ಒಂದು ಮಾತು ಹೊರಗೆಡಹುತ್ತದೆ. ಹಾಗೆ ಹೇಳಿದ್ದರೆ ನನಗೆ ಹುಚ್ಚು ಹಿಡಿದಿರಬೇಕು ಎಂದು ಅವನು ತಡವರಿಸುತ್ತಾನೆ.

ಎಲ್ಲರಿಂದಲೂ ಸುಳ್ಳು ಕಸಿದವನು ಕಟ್ಟಕಡೆಗೆ ತನ್ನ ಸುಳ್ಳನ್ನು ತಬ್ಬಿಕೊಳ್ಳುವ ಈ ಗಳಿಗೆ ನಡೆಯುವುದು ಒಬ್ಬ ನಟನ ಮುಖದ ಮೇಲೆ, ಎರಡು ವಾಕ್ಯಗಳ ನಡುವಿನ ಸಂದಿನಲ್ಲಿ. ದೊಡ್ಡ ರಂಗಮಂದಿರದ ಹಿಂದಿನ ಸಾಲಿಗೆ ಅದು ಕೇಳೀತು, ಕಾಣದು. ಟಿವಿಯಲ್ಲಿ ಅದು ಒಂದು ಮೊಳ ದೂರದಲ್ಲಿ ಕಾಣುತ್ತದೆ. ರೋಬಾರ್ಡ್ಸ್ ಅವರ ಬಲವಿರುವುದು ಅವರ ಹಿಕ್ಕಿ ಕೊನೆಯವರೆಗೂ ಇಷ್ಟವಾಗುವಂಥ ಮನುಷ್ಯನಾಗಿರುವುದರಲ್ಲಿ. ಚುರುಕು, ಹುರುಪು, ಹೆಗಲ ಮೇಲೆ ಕೈ ಹಾಕುವ ಸಲುಗೆ, ಎಲ್ಲವೂ ಇವೆ. ಇಂಥವನ ಮಾತು ನಂಬದೆ ಇರಲಾಗದು ಎನಿಸಿದ ಮೇಲೆಯೇ ಮುಖ ಕಳಚುವುದು ನಮಗೂ ಪೆಟ್ಟಾಗುತ್ತದೆ. ಪ್ರತಿಯಾಗಿ ಬಾರಿನವರು ಮಾಡುವುದನ್ನು ನೋಡಿ: ಹಿಕ್ಕಿಗೆ ಹುಚ್ಚು ಹಿಡಿದಿತ್ತು ಎಂದಾದರೆ ಅವನು ನಮಗೆ ಹೇಳಿದ್ದೂ ಹುಚ್ಚುಮಾತೇ ಎಂದು ಅವರು ತಕ್ಷಣ ಹಿಡಿದುಕೊಳ್ಳುತ್ತಾರೆ. ಪೊಲೀಸರು ಅವನನ್ನು ಕರೆದೊಯ್ದ ಕೂಡಲೇ ಹ್ಯಾರಿಯ ಕಾರು ಮತ್ತೆ ಬೀದಿಯಲ್ಲಿ ಓಡತೊಡಗುತ್ತದೆ, ಮದ್ಯಕ್ಕೆ ಅಮಲೂ ಮರಳುತ್ತದೆ.

ಇದರಿಂದ ಓನೀಲ್ ಅವರು ಕುಡಿತದ ಪರ ವಾದಿಸಿದರು ಎಂದು ಓದುವವರಿದ್ದಾರೆ. ಅವರ ಬದುಕನ್ನು ಬಲ್ಲವರು ಹಾಗೆನ್ನಲಾರರು. ಅವರು ಹುಟ್ಟಿದ ಮೇಲೆ ಕೊಟ್ಟ ಮಾರ್ಫಿನ್‌ನಿಂದ ತಾಯಿಗೆ ಚಟ ಹತ್ತಿ ವರ್ಷಗಟ್ಟಲೆ ಉಳಿಯಿತು. ಅಣ್ಣ ಜೇಮೀ 1923ರಲ್ಲಿ ಕುಡಿತದಿಂದಲೇ ಸತ್ತರು. ಓನೀಲ್ ಅವರೇ ತಾರುಣ್ಯದಲ್ಲಿ ಮ್ಯಾನ್‌ಹಟನ್‌ನ ಬಂದರಿನ ಬಳಿ ‘ಜಿಮ್ಮಿ ದಿ ಪ್ರೀಸ್ಟ್ಸ್’ ಎಂಬ ಬಾರಿನ ಮೇಲಿನ ಕೋಣೆಯಲ್ಲಿ ಉಳಿದು, ಅಲ್ಲಿಯೇ ನಿದ್ದೆ ಗುಳಿಗೆ ನುಂಗಿ ಸಾಯಲು ಯತ್ನಿಸಿದ್ದರು. ಅಲ್ಲಿ ಅವರ ಜೊತೆಗಿದ್ದ ಗೆಳೆಯನೇ ಜಿಮ್ಮಿ ಟುಮಾರೊ ಪಾತ್ರಕ್ಕೆ ಮಾದರಿ. 1926ರಲ್ಲಿ ಮನೋವಿಶ್ಲೇಷಣೆಯ ನೆರವು ಪಡೆದ ಹೊತ್ತಿನಿಂದ ಓನೀಲ್ ಕುಡಿತ ಬಿಟ್ಟವರು ಹೆಚ್ಚುಕಡಿಮೆ ಹಾಗೆಯೇ ಉಳಿದರು. ಎಂದರೆ, ಈ ನಾಟಕ ಬರೆದದ್ದು ಕುಡಿತ ಬಿಟ್ಟ ಕೈ. ಬಿಡುವುದು ಸಾಧ್ಯವೆಂದು ಅದಕ್ಕೆ ಗೊತ್ತಿತ್ತು. ಬಿಡಿಸಲು ಹಿಕ್ಕಿಯ ದಾರಿ ಆಗದು ಎಂಬುದೂ ಗೊತ್ತಿತ್ತು.

ಹಿಕ್ಕಿಯ ದಾರಿ ನಾಟಕದಲ್ಲಷ್ಟೇ ಇದ್ದದ್ದಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡರಿಕ್ ಎಂಬವರು ಸ್ಥಾಪಿಸಿದ ‘ಸಿನನಾನ್’ ಎಂಬ ವ್ಯಸನಿಗಳ ಸಮುದಾಯದಲ್ಲಿ ‘ಗೇಮ್’ ಎಂಬ ಪದ್ಧತಿಯಿತ್ತು. ಸುತ್ತ ಕೂತವರು ಒಬ್ಬನನ್ನು ಗಂಟೆಗಟ್ಟಲೆ ಮಾತಿನಲ್ಲಿ ಹರಿದು ಮುಕ್ಕಿ, ಅವನ ನೆಪಗಳನ್ನೆಲ್ಲ ಬಯಲು ಮಾಡುವುದೇ ಅಲ್ಲಿ ಚಿಕಿತ್ಸೆ. ಆ ಸಮುದಾಯ ಮುಂದೆ ಹಿಂಸೆಗೆ ಇಳಿದು, 1978ರಲ್ಲಿ ಎದುರಾಳಿ ವಕೀಲರೊಬ್ಬರ ಅಂಚೆಪೆಟ್ಟಿಗೆಯಲ್ಲಿ ವಿಷದ ಹಾವು ಇಡುವ ಮಟ್ಟಕ್ಕೆ ಹೋಯಿತು. ಆದರೂ ಎದುರಿಸಿ ಒಡೆಯುವ ಚಿಕಿತ್ಸೆ ಎಷ್ಟೋ ಕೇಂದ್ರಗಳಲ್ಲಿ ಬಹುಕಾಲ ನಡೆಯಿತು. 1983ರಲ್ಲಿ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಅವರು ಇದಕ್ಕೆ ತದ್ವಿರುದ್ಧವಾದ ಮಾತುಕತೆಯ ಕ್ರಮವೊಂದನ್ನು ಮುಂದಿಟ್ಟರು. ಅದರಲ್ಲಿ ಚಿಕಿತ್ಸಕ ವಾದಿಸುವುದಿಲ್ಲ. ಬಿಡಬೇಕೆನ್ನುವ ಕಾರಣಗಳು ರೋಗಿಯ ಬಾಯಿಂದಲೇ ಬರುವಂತೆ ಕೇಳಿಸಿಕೊಳ್ಳುತ್ತಾನೆ. ಹತ್ತು ವರ್ಷಗಳ ನಂತರ, 1993ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸಕ ಎಷ್ಟು ಹೆಚ್ಚು ಎದುರುಬಿದ್ದು ಮಾತಾಡಿದ್ದನೋ ವರ್ಷದ ಬಳಿಕ ರೋಗಿ ಅಷ್ಟು ಹೆಚ್ಚು ಕುಡಿಯುತ್ತಿದ್ದ ಎಂದು ಕಂಡುಬಂತು. ಹ್ಯಾರಿ ಹೋಪ್‌ನ ಬಾರಿನಲ್ಲಿ ನಡೆದದ್ದೂ ಇದೇ. ಸುಳ್ಳಿನ ಜಾಗದಲ್ಲಿ ಏನನ್ನೂ ಇಡದೆ ಸುಳ್ಳನ್ನಷ್ಟೇ ಕಿತ್ತವನು ಮನುಷ್ಯನನ್ನು ಬಾಟಲಿಯತ್ತಲೇ ತಳ್ಳುತ್ತಾನೆ.

ಟಿವಿಗಾಗಿಯೇ ಬರೆದ ಇನ್ನೊಂದು ಕುಡಿತದ ನಾಟಕದ ಪಕ್ಕದಲ್ಲಿಟ್ಟರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1958ರ ಅಕ್ಟೋಬರ್‌ನಲ್ಲಿ ‘ಪ್ಲೇಹೌಸ್ 90’ ಸರಣಿಯಲ್ಲಿ ಬಂದ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ನಲ್ಲಿ ಗಂಡಹೆಂಡತಿ ಇಬ್ಬರೂ ಕುಡಿತಕ್ಕೆ ಬೀಳುತ್ತಾರೆ, ಗಂಡ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಭೆಗಳ ಕೈ ಹಿಡಿದು ಮೇಲೇಳುತ್ತಾನೆ, ಹೆಂಡತಿ ಏಳಲಾರಳು. 1935ರಲ್ಲಿ ಆರಂಭವಾದ ಆ ಸಂಸ್ಥೆ ಕುಡುಕನಿಗೆ ಸುಳ್ಳಿನ ಬದಲಿಗೆ ಒಂದು ಗುಂಪನ್ನೂ, ‘ನಾಳೆ’ಯ ಬದಲಿಗೆ ‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎಂಬ ಲೆಕ್ಕವನ್ನೂ ಕೊಟ್ಟಿತು. ಹ್ಯಾರಿಯ ಬಾರಿನಲ್ಲೂ ಗುಂಪಿದೆ, ಆದರೆ ಅದು ಒಬ್ಬರ ಸುಳ್ಳನ್ನು ಇನ್ನೊಬ್ಬರು ಕಾಯುವ ಗುಂಪು. ಆ ನಾಟಕವನ್ನು ನಿರ್ದೇಶಿಸಿದ ಜಾನ್ ಫ್ರಾಂಕೆನ್‌ಹೈಮರ್ ಅವರೇ 1973ರಲ್ಲಿ ‘ಐಸ್‌ಮ್ಯಾನ್’ ಅನ್ನು ಸಿನಿಮಾ ಮಾಡಿದರು. ಅದರ ನಿರ್ಮಾಪಕರಾದ ಈಲಿ ಲ್ಯಾಂಡೌ ಹಿಂದೆ 13ನೇ ಚಾನೆಲ್ಲಿನ ಒಡೆತನದ ಕಂಪನಿಯನ್ನು ನಡೆಸಿದ್ದವರು.

ಈಗ ಎರಡನ್ನೂ ನೋಡಲು ಕೂರುವವರಿಗೆ ಒಂದು ಮಾತು. 1973ರ ಚಿತ್ರ ಬಣ್ಣದ್ದು, ಚಿತ್ರೀಕರಣ ಅಚ್ಚುಕಟ್ಟು, ಲ್ಯಾರಿಯಾಗಿ ರಾಬರ್ಟ್ ರಯಾನ್ ಅವರನ್ನು ಮೀರಿಸುವವರಿಲ್ಲ. ಆದರೆ ಲೀ ಮಾರ್ವಿನ್ ಅವರ ಹಿಕ್ಕಿ ಮೊದಲಿನಿಂದಲೇ ಗಡುಸು, ಅವನಲ್ಲೇನೋ ಸರಿಯಿಲ್ಲ ಎಂಬ ಅನುಮಾನ ಬೇಗ ಹುಟ್ಟುತ್ತದೆ. 1960ರ ಟೇಪು ಕಪ್ಪುಬಿಳುಪು, ಚಿತ್ರ ಮಸುಕು. ತಾಯಿಗೇ ದ್ರೋಹ ಬಗೆದು ಬಂದ ತರುಣ ಪ್ಯಾರಿಟ್‌ನಾಗಿ 24ರ ರಾಬರ್ಟ್ ರೆಡ್‌ಫರ್ಡ್ ಅಲ್ಲಲ್ಲಿ ತಡವರಿಸುತ್ತಾರೆ. ಆದರೂ ನಾನು ಮೊದಲು ನೋಡಿ ಎನ್ನುವುದು ಅದನ್ನೇ, ರೋಬಾರ್ಡ್ಸ್ ಅವರಿಗಾಗಿ. ಅವರೂ ಕುಡಿತದ ಜೊತೆ ವರ್ಷಗಟ್ಟಲೆ ಹೆಣಗಿದವರು. 1972ರಲ್ಲಿ ಕಾರು ಅಪಘಾತದಲ್ಲಿ ಸಾವಿನ ಅಂಚು ಕಂಡು, ಆಮೇಲೆ ಕುಡಿತ ಬಿಟ್ಟು, ಆ ಬಗ್ಗೆ ಬಹಿರಂಗವಾಗಿ ಮಾತಾಡಿದರು. 1985ರಲ್ಲಿ, 63ನೇ ವಯಸ್ಸಿನಲ್ಲಿ, ಕಿಂಟೆರೊ ಅವರ ನಿರ್ದೇಶನದಲ್ಲೇ ಅವರು ಬ್ರಾಡ್‌ವೇಯಲ್ಲಿ ಮತ್ತೊಮ್ಮೆ ಹಿಕ್ಕಿಯಾದರು. ಟೇಪಿನಲ್ಲಿರುವುದು 38ರ ಹಿಕ್ಕಿ, ಇನ್ನೂ ಕುಡಿಯುತ್ತಿದ್ದ ಕಾಲದ್ದು. ಮೊದಲ ಕಂತು ನಿಧಾನವೆನಿಸಿದರೆ ಓಡಿಸಿ ನೋಡಬೇಡಿ. ಬಾರಿನವರ ಒಂದೊಂದು ನಾಳೆಯೂ ಅಲ್ಲಿಯೇ ಇರುವುದು, ಅವು ಕಿವಿಯಲ್ಲಿ ಉಳಿಯದಿದ್ದರೆ ಎರಡನೆಯ ಕಂತಿನಲ್ಲಿ ಹಿಕ್ಕಿ ಏನನ್ನು ಮುರಿಯುತ್ತಿದ್ದಾನೆ ಎಂಬುದೇ ತಿಳಿಯದು.